ಚಂದ್ರನ ಮೇಲಿನ ಡಾಗ

ಗಣಪತಿ ಹಬ್ಬಕ್ಕೆ ನಾವು ಆಡುವ ರಾಕೆಟ್ ಆಟದಲ್ಲಿ ಎಲ್ಲಕ್ಕಿಂತ ಹೆಚ್ಚು ನಗೆ ಬರುವ ಜಾಗ ಯಾವುದು ಎಂದು ಇಚಲಕರಂಜಿಯ ನಮ್ಮ ಓಣಿಯಲ್ಲಿ ಕೇಳಿ ನೋಡಿ, ಜಗಳ ಶುರುವಾಗುತ್ತದೆ. ಪಕ್ಕದ ಖೋಲಿಯ ಹೀರಾಬಾಯಿಗೆ ರಾಕೆಟ್ ಕೆಟ್ಟು ನಿಂತ ವರ್ಷದ್ದೇ ದೊಡ್ಡದು. ಆಕಾಶದ ನಟ್ಟನಡುವೆ ರಾಕೆಟ್ ನಿಂತಾಗ ಕಂಡಕ್ಟರ್ ಗಂಟೆ ಬಾರಿಸಿ, "ಹಿಂದಿನ ಮಂದಿ ಇಳದು ನೂಕ್ರಿ" ಅನ್ನುತ್ತಾನೆ, ನಮ್ಮ ಎಸ್‌ಟಿ ಬಸ್ಸಿನಲ್ಲಿ ಅಂದ ಹಾಗೆಯೇ. ನಮ್ಮ ಕಾರಖಾನೆಯ ಸಖಾರಾಮ ಇದನ್ನು ಒಪ್ಪುವುದಿಲ್ಲ. ಅವನಿಗೆ ಮಂಗಳ ಗ್ರಹದ ರಾಜ ನಮ್ಮ ಮೆಣಸಿನಕಾಯಿ ಖರ್ಡಾ ತಿಂದು, ಕಣ್ಣು ಮೂಗು ಸುರಿಸುತ್ತ, "ಯುದ್ಧಕ್ಕ ಬರೂದಿದ್ರ ಮೊದಲ ಹೇಳಬಾರದೇನ್ರೋ" ಎಂದು ಅತ್ತದ್ದೇ ಆಗಬೇಕು.

ನನ್ನನ್ನು ಕೇಳಿದರೆ ಇಬ್ಬರಿಗೂ ಬುದ್ಧಿಯಿಲ್ಲ. ಡಾಗಿನ, ಅಂದರೆ ಕಲೆಯ, ಪ್ರವೇಶದ ಮುಂದೆ ಉಳಿದದ್ದೆಲ್ಲ ಸಪ್ಪೆ. ಅದನ್ನು ಕಟ್ಟಿದವಳು ನಾನು, ಅದಕ್ಕೇ ಹೊಗಳಿಕೊಳ್ಳುತ್ತಿದ್ದೇನೆ ಎಂದು ನೀವು ಅಂದುಕೊಂಡರೆ ಅಂದುಕೊಳ್ಳಿ.

ರಷ್ಯಾದವರು ಮೊದಲ ಉಪಗ್ರಹ ಹಾರಿಸಿದರಲ್ಲ, ಅದರ ಮರುವರ್ಷದ ಗಣಪತಿಗೆ ನಮ್ಮ ರಾಕೆಟ್ ಎದ್ದಿತು. ನಾವೆಲ್ಲ ಗೋಕಾಕ, ರಾಯಬಾಗದ ಕಡೆಯಿಂದ ಈ ಮರಾಠಿ ಊರಿಗೆ ಮಗ್ಗದ ಕೆಲಸಕ್ಕೆ ಬಂದ ಮಂದಿ. ಬಿದಿರಿನ ಹಂದರ, ಅದರ ಮೇಲೆ ಕಾರಖಾನೆಯ ಚಿಂದಿ ಬಟ್ಟೆ, ಅದರ ಮೇಲೆ ಹುಪರಿಯ ಬೆಳ್ಳಿ ಕೆಲಸದವರು ಕೊಟ್ಟ ಬೇಗಡೆ. ಪ್ರತಿ ವರ್ಷವೂ ಅದೇ ರಾಕೆಟ್, ಅದೇ ಪ್ರಯಾಣಿಕರು, ಇಳಿಯುವ ಗ್ರಹ ಮಾತ್ರ ಬೇರೆ. ಆದರೆ ದಾರಿಯಲ್ಲಿ ಚಂದ್ರನ ಮೇಲೆ ಒಂದು ಗಳಿಗೆ ನಿಲ್ಲಲೇಬೇಕು, ಇಲ್ಲದಿದ್ದರೆ ಜನ ಮನೆಗೆ ಹೋಗುವುದಿಲ್ಲ. ಅಲ್ಲಿ ರಾಕೆಟ್ಟಿನ ಮಾಲೀಕ ಕೆಳಗಿಳಿಯುತ್ತಾನೆ, ಚಂದ್ರನನ್ನೇ ಬಟ್ಟೆಯ ತಾಗೆಯಂತೆ ಎತ್ತಿ ಬೆಳಕಿಗೆ ಹಿಡಿಯುತ್ತಾನೆ, ನಡುವಿನ ಕಪ್ಪು ಕಲೆ ಕಂಡು ಕೂಗುತ್ತಾನೆ: "ಡಾಗ ಐತಿ! ನೇದವ ಯಾರ? ಅವನ ಪಗಾರ ಕಟ್!" ಹಿಂದಿನ ಸಾಲಿನಲ್ಲಿ ಕುಳಿತ ಮಗ್ಗದವರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅವರ ಪಗಾರವೂ ಹಾಗೆಯೇ ಹೋದದ್ದು.

ಏಳನೆಯ ವರ್ಷ ನಮ್ಮ ಕಾರಖಾನೆ ಬಾಪೂಸಾಹೇಬರ ಕೈಗೆ ಬಂತು. ಗಣಪತಿ ಮಂಡಳಕ್ಕೆ ಮಾಂಡವದ ಚಪ್ಪರಕ್ಕೆ ಬಟ್ಟೆ ಕೊಟ್ಟು ಅವರೇ ಅಧ್ಯಕ್ಷರೂ ಆದರು. ದಪ್ಪ ಮನುಷ್ಯ. ಧೋತರ ಹೊಟ್ಟೆಯ ಮೇಲೆ ನಿಲ್ಲುತ್ತಿರಲಿಲ್ಲ, ಮಾತಿಗೊಮ್ಮೆ ಎರಡೂ ಕೈಯಿಂದ ಸೊಂಟ ಹಿಡಿದು ಮೇಲೆ ಎಳೆದುಕೊಳ್ಳುತ್ತಿದ್ದರು. ಅರಳೆಯ ಧೂಳು ಕುಡಿದರೆ ಕೆಮ್ಮು ಬರುತ್ತದೆಂದು ಕಾರಖಾನೆಯ ಬಾಗಿಲು ದಾಟಿ ಒಳಗೆ ಬಂದವರಲ್ಲ. ಬಾಗಿಲಲ್ಲಿ ನಿಂತೇ ನನ್ನ ಗಂಡ ಭರಮಪ್ಪನ ತಾಗೆಗಳಲ್ಲಿ ಎಣ್ಣೆ ಡಾಗ ಹುಡುಕಿ ಪಗಾರ ಕತ್ತರಿಸುತ್ತಿದ್ದರು. ಎಣ್ಣೆ ಸೋರುತ್ತಿದ್ದದ್ದು ಅವರದೇ ಹಳೆಯ ಮಗ್ಗದಿಂದ. ರಿಪೇರಿ ಮಾಡಿಸಿರೆಂದು ಭರಮಪ್ಪ ಹೇಳಿ ಹೇಳಿ ಸಾಕಾಗಿದ್ದ.

ಗಣಪತಿ ಕೂತ ಮರುದಿನ ನಮ್ಮಿಬ್ಬರನ್ನೂ ಕರೆಸಿದರು.

"ಆಟ ಆಡ್ರಿ, ನಾ ಬ್ಯಾಡ ಅನ್ನೂದಿಲ್ಲ," ಎಂದರು. ಅವರ ಕನ್ನಡ ಮರಾಠಿ ಎಳೆ ಹಾಕಿ ನೇದದ್ದು, 'ಆದರೆ'ಗೆ 'ಪಣ' ಅನ್ನುತ್ತಿದ್ದರು. "ಪಣ ಸ್ಟೇಜ್ ಮ್ಯಾಲಿಂದ ಮಾಲಕನ ಬಗ್ಗೆ, ಡಾಗಿನ ಬಗ್ಗೆ ಒಂದ ಶಬ್ದ ನನ್ನ ಕಿವಿಗೆ ಬಿತ್ತಂದ್ರ, ಭರಮಪ್ಪಾ, ನಿನಗ ಮಗ್ಗಾನೂ ಇಲ್ಲ, ಖೋಲೀನೂ ಇಲ್ಲ."

"ಆತ್ರಿ ಸಾಹೇಬ್ರ," ಎಂದ ಭರಮಪ್ಪ.

ಹೊರಗೆ ಬಂದವಳೇ ಉರಿದುಬಿದ್ದೆ. "ಏನ್ ಆತ್ರಿ? ಯಾಕ ಆತ್ರಿ? ನಾಲಿಗಿ ಊರಾಗ ಬಿಟ್ಟು ಬಂದೀರೇನು?"

"ಫಕೀರವ್ವಾ, ಖೋಲಿ ಅವರದೈತಿ. ಮಳಿಗಾಲದಾಗ ಎಲ್ಲಿ ಹೋಗೂಣು? ನಗಸಾಕ ಮತ್ತೊಂದ ಏನರ ಕಟ್ಟು."

ಮತ್ತೊಂದು! ನಗೆಯೇನು ಸಂತೆಯ ಬದನೆಕಾಯಿಯೇ, ಇದು ಬೇಡವಾದರೆ ಅದು ಎತ್ತಿಕೊಳ್ಳಲು? ಪಗಾರ ಹೋದ ಮೇಲೂ ನಮ್ಮ ಕೈಯಲ್ಲಿ ಉಳಿದದ್ದು ಅದೊಂದೇ ನಗೆ. ಅದನ್ನೂ ಕೊಟ್ಟುಬಿಟ್ಟರೆ ಆ ಮನುಷ್ಯನ ಮುಂದೆ ನಾನು ತಲೆಯೆತ್ತಿ ನಡೆಯುವುದು ಹೇಗೆ? ಆದರೆ ಗಂಡ ಹೇಳಿದ್ದೂ ಸುಳ್ಳಲ್ಲ. ತಲೆಯ ಮೇಲಿನ ಸೂರು ಕಳೆದುಕೊಂಡು ನಗಲು ಯಾರಿಗೆ ಸಾಧ್ಯ? ನನಗೆ ಸಿಟ್ಟಿನಿಂದ ಊಟವೇ ಸೇರಲಿಲ್ಲ.

ಮರುದಿನ ಕಾರಖಾನೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತ ಕುಳಿತಿದ್ದೆ. ಮಗ್ಗಗಳು ಓಡುವಾಗ ಅಲ್ಲಿ ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೂ ಕೇಳಿಸದು. ಅದಕ್ಕೇ ನಾವೆಲ್ಲ ಕೈಯಿಂದ ಮಾತಾಡುತ್ತೇವೆ. ಕನ್ನಡದವರಿಗೂ ಮರಾಠಿಯವರಿಗೂ ಅಲ್ಲಿ ಒಂದೇ ಭಾಷೆ. ಬೆರಳು ಸುತ್ತಿದರೆ ಕಂಡಿಕೆ ಬೇಕು, ಅಂಗೈ ಮೇಲೆ ಹೆಬ್ಬೆಟ್ಟು ಉಜ್ಜಿದರೆ ಡಾಗ, ಎರಡು ಬೆರಳು ಕತ್ತರಿಯಾಡಿಸಿದರೆ ಪಗಾರ ಕಟ್. ಆಚೆ ತುದಿಯಿಂದ ಭರಮಪ್ಪ, ಉಂಡಿಯಾ ಎಂದು ಕೈಯಲ್ಲೇ ಕೇಳಿದ. ಇಲ್ಲ, ಸಿಟ್ಟು ಇಳಿದಿಲ್ಲ ಎಂದು ಕೈಯಲ್ಲೇ ಹೇಳಿದೆ. ಹೇಳಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು.

ಪ್ರತಿ ವರ್ಷ ಆಟ ಮುಗಿದ ಮೇಲೆ ಶಾಲೆಯ ರಾಯಪ್ಪ ಮಾಸ್ತರರು ಬಂದು ಒಂದೇ ತಕರಾರು ತೆಗೆಯುತ್ತಿದ್ದರು. "ಚಂದ್ರನ ಮ್ಯಾಲೆ ಗಾಳಿ ಇಲ್ಲ, ಫಕೀರವ್ವಾ. ಗಾಳಿ ಇಲ್ಲಂದ್ರ ಸಪ್ಪಳಾನೂ ಇಲ್ಲ. ನಿಮ್ಮ ಮಂದಿ ಅಲ್ಲಿ ಹೆಂಗ ಒದರತಾರ?" ನಾವು ಅವರನ್ನು ನಗೆಯಾಡಿ ಕಳಿಸುತ್ತಿದ್ದೆವು. ಆ ದಿನ ಮಾತ್ರ ಅವರ ಕಾಲಿಗೆ ಬೀಳಬೇಕೆನಿಸಿತು.

ಸಂಜೆ ಮಾಲೀಕನ ಪಾತ್ರದ ಯಮನಪ್ಪನಿಗೆ ಹೇಳಿದೆ. "ಈ ಸಲ ಚಂದ್ರನ ಮ್ಯಾಲೆ ಬಾಯಿ ಬಿಡಬ್ಯಾಡ. ಕಾರಖಾನ್ಯಾಗ ಹೆಂಗ ಮಾತಾಡತೀವೋ ಹಂಗ ಆಡು."

"ಮಾಲಕ ಅನ್ನೂದಕ್ಕ ಏನ್ ಮಾಡ್ಲಿ, ವೈನಿ?"

"ಮಾಲಕ ಬಂದಾನಂತ ನಾವು ಒಬ್ಬರಿಗೊಬ್ಬರು ಹೆಂಗ ಹೇಳತೀವಿ?"

ಯಮನಪ್ಪ ನನ್ನ ಮುಖ ನೋಡಿದ. ಎರಡೂ ಕೈಯಿಂದ ಸೊಂಟ ಹಿಡಿದು ಮೇಲಕ್ಕೆ ಎಳೆದುಕೊಂಡ. ಆಮೇಲೆ ನಗು ತಡೆಯಲಾಗದೆ ಅಲ್ಲೇ ಕುಕ್ಕರಿಸಿದ. ಭರಮಪ್ಪ ಮಾತ್ರ ನಗಲಿಲ್ಲ. "ಒಂದ ಶಬ್ದ ಬೀಳಬಾರದು ಅಂದಾರ," ಎಂದ. "ಬೀಳೂದಿಲ್ಲ. ಆಡೂಣು."

ಆ ಮಾತು ಕೇಳಿ ಗಂಡನ ಮೇಲೆ ನನಗೆ ಹುಟ್ಟಿದ ಪ್ರೀತಿಯನ್ನು ಇಲ್ಲಿ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆಟದ ಸಂಜೆ, ಆರತಿಯಾದ ಮೇಲೆ, ಮಾಂಡವ ಕಿಕ್ಕಿರಿದಿತ್ತು. ಕಾಗಲದಿಂದಲೂ ಜನ ಬಂದಿದ್ದರು. ಮುಂದಿನ ಕುರ್ಚಿಯಲ್ಲಿ ಬಾಪೂಸಾಹೇಬರು, ಅಕ್ಕಪಕ್ಕ ಬೇರೆ ಕಾರಖಾನೆಗಳ ಮಾಲೀಕರು, ಹಿಂದೆ ನೆಲದ ಮೇಲೆ ನಮ್ಮ ಮಂದಿ. ರಾಕೆಟ್ ಚಂದ್ರನ ಮೇಲೆ ಇಳಿಯಿತು. ಕಂಡಕ್ಟರ್ ಮುಂದೆ ಬಂದು, "ಇಲ್ಲಿ ಗಾಳಿ ಇಲ್ರಿ, ಸಪ್ಪಳ ಇಲ್ರಿ. ಬಾಯಿ ಇದ್ದವರೆಲ್ಲ ಮುಚ್ಚಿಕೊಂಡ ಕೂಡ್ರಿ," ಎಂದು ಗಂಟೆ ಬಾರಿಸಿದ. ಹಲಗಿಯ ಬಡಿತವೂ ನಿಂತಿತು.

ಯಮನಪ್ಪ ಕೋಟು ಹಾಕಿಕೊಂಡು ಕೆಳಗಿಳಿದ. ಸದ್ದಿಲ್ಲದೆ ಸೊಂಟ ಏರಿಸಿಕೊಂಡ.

ಹಿಂದಿನಿಂದ ಸಖಾರಾಮನ ನಗೆ ಸಿಡಿಯಿತು, ಅದರ ಹಿಂದೆಯೇ ಇಡೀ ಮಾಂಡವ. ನಮ್ಮ ಆಟ ನೋಡುವಾಗ ಮರಾಠಿಯವರು ಯಾವಾಗಲೂ ಪಕ್ಕದವರನ್ನು ಅರ್ಥ ಕೇಳಿ ಒಂದು ಗಳಿಗೆ ತಡವಾಗಿ ನಗುತ್ತಿದ್ದರು. ಆ ಸಂಜೆ ಎಲ್ಲರೂ ಒಟ್ಟಿಗೇ ನಕ್ಕರು. ಯಮನಪ್ಪ ಚಂದ್ರನನ್ನು ಬೆಳಕಿಗೆ ಹಿಡಿದ. ಅಂಗೈ ಮೇಲೆ ಹೆಬ್ಬೆಟ್ಟು ಉಜ್ಜಿದ. ನೇಕಾರನಾಗಿ ನಿಂತ ಭರಮಪ್ಪ ಸೋರುವ ಆಕಾಶದತ್ತ ಬೆರಳು ತೋರಿಸಿ, ಎಣ್ಣೆ ಮೇಲಿಂದ ಬೀಳುತ್ತದೆ ಎಂದು ಸನ್ನೆ ಮಾಡಿ ಕೈ ಮುಗಿದ. ಯಮನಪ್ಪ ಅವನ ಮುಖದ ಮುಂದೆ ಎರಡು ಬೆರಳಿನ ಕತ್ತರಿ ಆಡಿಸಿದ.

"ಕಾಯ್ ಝಾಲಂ?" ಏನಾಯಿತೆಂದು ಬಾಪೂಸಾಹೇಬರು ಪಕ್ಕದವರನ್ನು ಕೇಳಿದರು. ಅವರೂ ಗೊತ್ತಿಲ್ಲವೆಂದು ತಲೆಯಾಡಿಸಿದರು. ಕುರ್ಚಿಯಲ್ಲಿ ಕೂತ ಯಾರಿಗೂ ತಿಳಿಯಲಿಲ್ಲ. ಆದರೆ ಅಷ್ಟು ಜನ ನಗುವಾಗ ಅಧ್ಯಕ್ಷರು ನಗದಿದ್ದರೆ ಹೇಗೆ? ಅವರೂ ಹೊಟ್ಟೆ ಕುಣಿಸಿ ನಕ್ಕರು. ಮೆಚ್ಚಿಕೊಂಡು, ಹಿಂದೆ ತಿರುಗಿ ಜನರಿಗೆ ಕೈ ಬೀಸಲು ಎದ್ದುನಿಂತರು. ಎದ್ದವರು, ರೂಢಿಯಂತೆ, ಎರಡೂ ಕೈಯಿಂದ ಸೊಂಟ ಹಿಡಿದು ಧೋತರ ಏರಿಸಿಕೊಂಡರು.

ಮಾಂಡವದ ಕಂಬಗಳು ಹೇಗೆ ನಿಂತವೋ ಗಣಪತಿಗೇ ಗೊತ್ತು. ಹೀರಾಬಾಯಿ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಬಾಪೂಸಾಹೇಬರು ಜನರನ್ನು ನೋಡಿದರು, ತಿರುಗಿ ಯಮನಪ್ಪನನ್ನು ನೋಡಿದರು. ಅವನು ಅದೇ ಗಳಿಗೆಗೆ ಸೊಂಟ ಏರಿಸಿಕೊಳ್ಳುತ್ತಿದ್ದ. ಆಮೇಲೆ ತಮ್ಮ ಕೈಗಳನ್ನು ತಾವೇ ನೋಡಿಕೊಂಡರು. ಪ್ರಸಾದಕ್ಕೂ ನಿಲ್ಲದೆ ಹೋದರು.

ಮರುದಿನ ಕಾರಖಾನೆಗೆ ಬಂದರು. ಭರಮಪ್ಪನ ತಾಗೆ ತರಿಸಿ ಬಾಗಿಲಲ್ಲಿ ಬಿಚ್ಚಿ ಬೆಳಕಿಗೆ ಹಿಡಿದರು. ಎಣ್ಣೆಯ ಡಾಗ ನಾನು ಕುಳಿತಲ್ಲಿಗೇ ಕಾಣುತ್ತಿತ್ತು. ಖೋಲಿ ಉಳಿಯುವುದೋ ಹೋಗುವುದೋ ಆ ಗಳಿಗೆಯಲ್ಲಿತ್ತು. ಓಡುವ ಮಗ್ಗಗಳ ಸದ್ದಿನಲ್ಲಿ ಅವರು ಏನೋ ಕೂಗಿದರು. ಭರಮಪ್ಪ ಕಿವಿ ಮುಟ್ಟಿ, ಕೇಳಿಸುವುದಿಲ್ಲ ಎಂದು ತಲೆಯಾಡಿಸಿದ. ಪಗಾರ ಕತ್ತರಿಸುವೆನೆಂದು ಹೇಳಬೇಕಾದರೆ ಇನ್ನು ಅವರೂ ನಮ್ಮ ಹಾಗೆ ಎರಡು ಬೆರಳೆತ್ತಬೇಕು. ಎಲ್ಲ ಮಗ್ಗದ ಎಲ್ಲ ಕಣ್ಣೂ ಅವರ ಮೇಲಿತ್ತು. ಅಷ್ಟರಲ್ಲಿ ಧೋತರ ಜಾರತೊಡಗಿತು. ಕೈ ಸೊಂಟದವರೆಗೆ ಹೋಗಿ ಅಲ್ಲೇ ನಿಂತಿತು.

ಕತ್ತರಿಯ ಬೆರಳೆತ್ತದೆ ಅವರು ತಾಗೆಯನ್ನು ಕೆಳಗಿಟ್ಟರು. ಧೋತರವನ್ನು ಏರಿಸಿಕೊಳ್ಳದೆ, ಮೊಣಕೈಗಳನ್ನು ಹೊಟ್ಟೆಗೆ ಒತ್ತಿಕೊಂಡು, ಸಣ್ಣ ಸಣ್ಣ ಹೆಜ್ಜೆ ಹಾಕುತ್ತ ಗೇಟಿನತ್ತ ನಡೆದರು. ನಾನು ಕಂಡಿಕೆ ಕೆಳಗಿಟ್ಟು ಎದ್ದುನಿಂತು, ಎರಡೂ ಕೈಯಿಂದ ನನ್ನ ಸೊಂಟ ಹಿಡಿದು ಮೇಲೆ ಎಳೆದುಕೊಂಡೆ. ಆಚೆ ತುದಿಯಲ್ಲಿ, ಎಲ್ಲರಿಗಿಂತ ಮೊದಲು, ಭರಮಪ್ಪನೂ ಎಳೆದುಕೊಂಡ.