ತೀರ್ಥಕ್ಕೆ ಬಾಯೊಡ್ಡಿದ ಮೀನುಗಳು

ಕೌತಾಳದ ಆಚೆ, ತುಂಗಭದ್ರೆಗೆ ಒಂದು ಹರದಾರಿ ದೂರದ ಊರಿನಲ್ಲಿ ಈಶ್ವರನ ಗುಡಿ. ಗುಡಿಯ ಮಗ್ಗುಲಿಗೆ ಕಲ್ಲು ಕಟ್ಟಿದ ಹೊಂಡ. ದೇವರಿಗೆ ಎರೆದ ಅಭಿಷೇಕದ ನೀರು ಗೋಮುಖದಿಂದ ಆ ಹೊಂಡಕ್ಕೆ ಬೀಳುತ್ತಿತ್ತು. ಮಕ್ಕಳಿಗೆ ಜಡ್ಡಾದರೆ ಊರವರು ಹರಕೆ ಹೊರುವರು. ಮಗು ಎದ್ದು ಕೂತರೆ ಹೊಳೆಯಿಂದ ಗೆಂಡೆಮೀನಿನ ಮರಿ ತಂದು ಹೊಂಡಕ್ಕೆ ಬಿಡುವರು. ಬಿಟ್ಟ ಮೇಲೆ ಅದು ದೇವರದು, ಯಾರೂ ಮುಟ್ಟುವಂತಿಲ್ಲ. ಬೆರಳುದ್ದದ ಮರಿಗಳು ವರುಷಗಳಲ್ಲಿ ಮೊಳದುದ್ದ ಬೆಳೆದವು. ಹೊಂಡ ಮಾತ್ರ ಇದ್ದಷ್ಟೇ ಇತ್ತು.

ಆ ಬೇಸಿಗೆಯಲ್ಲಿ ಒಂದು ಅಚ್ಚರಿ ಕಾಣಿಸಿತು. ಬೆಳಗಿನ ಅಭಿಷೇಕದ ನೀರು ಬಿದ್ದ ಕೂಡಲೇ ಮೀನೆಲ್ಲ ಗೋಮುಖದ ಕೆಳಗೆ ಕೂಡಿ, ಬಾಯಿ ಮೇಲೆತ್ತಿ ನಿಲ್ಲುತ್ತಿದ್ದವು. ‘ಮೀನು ತೀರ್ಥ ಕುಡೀತಾವಂತ!’ ಎಂಬ ಸುದ್ದಿ ಆದೋನಿ, ಆಲೂರಿನವರೆಗೂ ಹೋಯಿತು. ಬಂದ ಜನ ಮಂಡಕ್ಕಿ ಚೆಲ್ಲಿದರು, ಕೈ ಮುಗಿದರು, ಕಣ್ಣೊರೆಸಿಕೊಂಡರು. ಹರಕೆ ಹೆಚ್ಚಿತು, ಮೀನೂ ಹೆಚ್ಚಿತು.

ಒಂದು ಬೆಳಿಗ್ಗೆ ಹೂವಮ್ಮ ಮೀನಿನ ಮರಿಯಿದ್ದ ಕೊಡ ಹೊತ್ತು ಬಂದಳು. ಮಗಳು ಮಹಾಂತಿ ಹುಟ್ಟಿದಾಗ ಅವಳು ಬಿಟ್ಟ ಮೀನು ಅದೇ ಹೊಂಡದಲ್ಲಿತ್ತು. ಅದರ ಬೆನ್ನಿನ ರೆಕ್ಕೆ ಸೀಳಿತ್ತು. ಆ ಮೀನು ಬದುಕಿರುವ ತನಕ ಮಗಳಿಗೆ ಭಯವಿಲ್ಲ ಎಂಬುದು ಹೂವಮ್ಮನ ನಂಬಿಕೆ. ಈಗ ಮಗಳು ದೊಡ್ಡ ಜ್ವರದಿಂದ ಎದ್ದಿದ್ದಳು, ಅದಕ್ಕೇ ಇನ್ನೊಂದು ಮರಿ. ಜೊತೆಗೆ ನೆರೆಮನೆಯ ಶಂಕರಮ್ಮ ಬಂದಿದ್ದಳು. ಅವಳ ತವರು ಹೊಳೆದಂಡೆ, ಅಣ್ಣಂದಿರು ತೋಟದ ತೊಟ್ಟಿಯಲ್ಲಿ ಮೀನು ಸಾಕಿದವರು.

ಮೆಟ್ಟಿಲಿಳಿಯುತ್ತಲೇ ಹೂವಮ್ಮ ಗಕ್ಕನೆ ನಿಂತಳು. ಒಂದು ದೊಡ್ಡ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು.

“ಶಂಕ್ರವ್ವ, ನಂದೇನ ಅದು?”

“ಅಲ್ಲ ಬಿಡವ್ವ. ನಿಂದು ಅಲ್ಲೈತಿ ನೋಡು, ಗೋಮುಖದ ಕೆಳಗ.”

ಅರ್ಚಕ ಗುರುಪಾದಯ್ಯನವರು ಅಭಿಷೇಕ ಮುಗಿಸಿ ಹೊರಬಂದರು. “ಪುಣ್ಯವಂತ ಮೀನು. ತೀರ್ಥ ಕುಡಿದು ಕೈಲಾಸಕ್ಕ ಹೋತು.”

“ಅಯ್ಯನೋರೆ, ಸಿಟ್ಟಾಗಬ್ಯಾಡ್ರಿ,” ಎಂದಳು ಶಂಕರಮ್ಮ. “ಅವು ಕುಡಿಯಾಕತ್ತಿಲ್ಲ. ಉಸುರಿಗೆ ಬಾಯಿ ಬಿಡಾಕತ್ತಾವ.”

ಹೂವಮ್ಮ ಸಿಡುಕಿದಳು. “ಏ ಸುಮ್ಕಿರು! ತವರುಮನಿ ಹೊಳೀ ದಂಡ್ಯಾಗಿದ್ರ ದೇವರ ಮೀನಿನ ಮನಸೂ ತಿಳೀತೈತೇನು ನಿನಗ? ನೀರಾಗ ಇರೋದಕ್ಕ ಉಸುರಿನ ಬರ ಏನು?”

“ನೀರಾಗೂ ಗಾಳಿ ಬೆರೆತಿರ್ತೈತಿ. ಕಿವಿರಿನಿಂದ ಅದನ್ನ ಎಳಕೊಂತಾವ. ಮೀನು ಹೆಚ್ಚಾದ್ರ ಗಾಳಿ ಸಾಲಂಗಿಲ್ಲ. ಚೆಲ್ಲಿದ ಮಂಡಕ್ಕಿ ಕೊಳೆತ್ರ ಇದ್ದದ್ದೂ ಹೋಗ್ತೈತಿ. ಬೆಳಕು ಹರಿಯೋ ಹೊತ್ತಿಗೆ ಭಾಳ ಕಮ್ಮಿ ಆಗಿರ್ತೈತಿ. ಮ್ಯಾಲಿಂದ ಬೀಳೋ ನೀರು ಗಾಳಿ ಕಟಿಗೊಂಡು ಬೀಳ್ತೈತಿ ನೋಡು, ಅದಕ್ಕ ಅಲ್ಲಿ ಮುಕುರ್ತಾವ.”

“ನಾ ನಂಬಂಗಿಲ್ಲ.”

“ನಂಬಬ್ಯಾಡ. ಆ ಕಡೀ ಮೂಲಿಗೆ ಹೋಗಿ ಬರೇ ಬಾವಿ ನೀರು ಎತ್ತರದಿಂದ ಸುರಿ. ಅದು ತೀರ್ಥ ಅಲ್ಲಲ್ಲ? ಬರ್ತಾವೋ ಇಲ್ಲೋ ನೋಡು.”

ಅಯ್ಯನವರೇ ಬಾವಿಯಿಂದ ಬಿಂದಿಗೆ ತುಂಬಿ ಕೊಟ್ಟರು. ಹೂವಮ್ಮ ಹಟದಿಂದ ಸುರಿದಳು. ಮೊದಲು ಏನೂ ಇಲ್ಲ. ಆಮೇಲೆ ಹಸಿರು ನೀರಿನಡಿ ಒಂದು ನೆರಳು. ಹಿಂದೆಯೇ ಇನ್ನೊಂದು. ನೋಡನೋಡುತ್ತ ಹೊಂಡದ ಮೀನೆಲ್ಲ ಬಂಗಾರದ ಬೆನ್ನು ಹೊತ್ತು ಅವಳ ಕಾಲಬುಡಕ್ಕೆ ಬಂದವು. ರೆಕ್ಕೆ ಸೀಳಿದ ಮೀನು ಎಲ್ಲಕ್ಕೂ ಮುಂದೆ. ಅದರ ಕೆಂಪು ಕಿವಿರು ಅವಸರದಿಂದ ತೆರೆದು ಮುಚ್ಚುತ್ತಿತ್ತು. ಜ್ವರದಲ್ಲಿ ಮಹಾಂತಿಯ ಎದೆ ಏರಿಳಿದದ್ದು ಹೀಗೆಯೇ.

“ಅಯ್ಯೋ ನನ್ನವ್ವ...” ಎಂದಳು ಹೂವಮ್ಮ. ಬಿಂದಿಗೆ ಬರಿದಾಗಿತ್ತು. ಅವಳ ಕೈ ಇನ್ನೂ ಸುರಿಯುವಂತೆಯೇ ಬಾಗಿತ್ತು.

ಗುರುಪಾದಯ್ಯನವರು ಗುಡಿಯೊಳಗಿನ ಲಿಂಗದತ್ತ ಕೈ ತೋರಿದರು. “ಇಷ್ಟು ದಿನ ಆತ ತನ್ನ ತಲೀ ಮ್ಯಾಲಿನ ನೀರಿನಾಗ ಇವಕ್ಕ ಉಸುರು ಹಾಕ್ಯಾನ. ನಾವು ಬರೇ ಮೀನು ಹಾಕೀವಿ.”

“ಹೆಚ್ಚಿನವನ್ನ ಹೊಳಿಗೆ ಬಿಡೂಣ್ರಿ,” ಎಂದಳು ಶಂಕರಮ್ಮ.

“ಹರಕೀ ಮೀನು ಹೊರಗ ತೆಗೀಬಹುದೇನ್ರಿ?” ಎಂದಳು ಹೂವಮ್ಮ. “ಮಗಳಿಗೆ ಏನಾರ ಆದ್ರ?”

“ಹೊಳಿ ಯಾರ್ದು ತಂಗಿ? ಅದೂ ಆತಂದು. ಕ್ವಾಣ್ಯಾಗಿಂದ ಪಡಸಾಲಿಗೆ ಕರಕೊಂಡು ಹೋದಂಗ, ಅಷ್ಟ.”

ಮರುದಿನ ತಂಪು ಹೊತ್ತಿನಲ್ಲೇ ಹೂವಮ್ಮನ ಗಂಡ ಮರಿಬಸಪ್ಪ ಬಂಡಿ ಹೂಡಿದ. “ಹತ್ತಿ ಹೇರೋ ಬಂಡ್ಯಾಗ ಇವತ್ತು ಮೀನಿನ ದಿಬ್ಬಣ! ಎಲ್ಲಾ ಒಂದು ಹಂಡ್ಯಾಗ ಹಾಕ್ರಿ, ಬ್ಯಾಗ ಮುಗೀತೈತಿ.”

“ಹೊಂಡದಾಗ ಮಾಡಿದ ತಪ್ಪು ಹಂಡ್ಯಾಗೂ ಮಾಡ್ತೀಯೇನಪ್ಪ?” ಎಂದಳು ಶಂಕರಮ್ಮ. ಹಂಡೆಗೊಂದೇ ಮೀನು ಹಾಕಿ, ಒದ್ದೆ ಬಟ್ಟೆ ಹೊದಿಸಿ, ದಿನವೂ ಒಂದಿಷ್ಟರಂತೆ ಸಾಗಿಸಿದರು. ರೆಕ್ಕೆ ಸೀಳಿದ್ದೂ ಇನ್ನು ಕೆಲವೂ ಹೊಂಡದಲ್ಲೇ ಉಳಿದವು. ಕೊಡದಲ್ಲಿದ್ದ ಮರಿಯನ್ನು ಮಹಾಂತಿಯೇ ಹೊಳೆಗೆ ಬಿಟ್ಟಳು.

“ಇದು ಬೆರಳಿನಷ್ಟು ಐತಲ್ಲ, ಹೊಂಡದಾಗ ಹಿಡೀತಿರಲಿಲ್ಲೇನು?” ಎಂದ ಮರಿಬಸಪ್ಪ.

“ಹುಣಸೀ ಸಸಿ ನೆಡೋ ಮುಂದ ಸಸೀ ಅಳತಿಗೆ ಜಾಗ ಬಿಡ್ತೀಯೋ, ಮರದ ಅಳತಿಗೋ?” ಎಂದಳು ಶಂಕರಮ್ಮ.

ಅವನು ನಕ್ಕು ಎತ್ತಿನ ಬಾಲ ತಿರುವಿದ.

ಹೊಂಡದ ಕೆಸರು ತೆಗೆಸಿ, ಹಳೆಯ ನೀರು ಅರ್ಧ ಉಳಿಸಿ, ದಿನಕ್ಕಿಷ್ಟು ಹೊಸ ನೀರು ಬಿಟ್ಟರು. ಮಂಡಕ್ಕಿ ಚೆಲ್ಲುವುದು ನಿಂತಿತು. ಕೆಲವು ದಿನಗಳ ಮೇಲೆ, ಬೆಳಗಿನ ಅಭಿಷೇಕದ ನೀರು ಗೋಮುಖದಿಂದ ಬಿತ್ತು. ಒಂದು ಮೀನೂ ಬರಲಿಲ್ಲ. ಹೂವಮ್ಮ ಹೆದರಿ ಬಗ್ಗಿ ನೋಡಿದಳು. ತಿಳಿನೀರಿನ ಆಳದಲ್ಲಿ, ಕಲ್ಲು ಕಾಣುವಷ್ಟು ಆಳದಲ್ಲಿ, ರೆಕ್ಕೆ ಸೀಳಿದ ಮೀನು ಗುಡಿಗೆ ಪ್ರದಕ್ಷಿಣೆ ಬರುವವರಂತೆ ನಿಧಾನವಾಗಿ ಸುತ್ತುತ್ತಿತ್ತು. ಬಾಯಿ ಮುಚ್ಚಿತ್ತು. ಅವಳ ಕೈ ತಾನಾಗಿ ಮುಗಿಯಿತು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಗುಡಿಯ ಹೊಂಡವಿರಲಿ, ತೋಟದ ತೊಟ್ಟಿಯಿರಲಿ, ಶ್ರೀಮಂತರ ಪಡಸಾಲೆಯ ಗಾಜಿನ ಪೆಟ್ಟಿಗೆಯಿರಲಿ, ಮೀನು ಬಿಡುವ ಮುಂಚೆ ಅದು ಎಷ್ಟು ದೊಡ್ಡದಾಗುತ್ತದೆಂದು ಕೇಳಿರಿ. ಆ ಅಳತೆಗೆ ನೀರಿದ್ದರೆ ಬಿಡಿರಿ, ಇಲ್ಲದಿದ್ದರೆ ಬಿಡಬೇಡಿರಿ. ಅವು ತಿಂದು ಮುಗಿಸುವಷ್ಟೇ ತಿನಿಸು ಹಾಕಿರಿ. ನಾಳೆ ಬೆಳಿಗ್ಗೆ ನಿಮ್ಮ ಮೀನಿನ ಹತ್ತಿರ ಹೋಗಿ ನಿಲ್ಲಿರಿ. ಅವು ಬಾಯಿ ಮೇಲೆತ್ತಿ ನಿಂತಿದ್ದರೆ ಮೊದಲು ಜಾಗ ಕೊಡಿರಿ. ಕೈ ಆಮೇಲೆ ಮುಗಿಯಿರಿ.