ಹನ್ನೊಂದು ಗಂಟೆಯ ಚಹಾ

ಗಂಡನ ಹೆಸರು ಹಿಡಿದು ಕರೆಯಬಾರದು, ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನವ್ವ ಹೇಳಿಕೊಟ್ಟಿದ್ದಳು. ನಲವತ್ತು ವರ್ಷ ಕರೆಯಲಿಲ್ಲ. ಈಗ ಕರೆಯುತ್ತೇನೆ. ದೌಲಪ್ಪ. ನನ್ನ ಗಂಡನ ಹೆಸರು ದೌಲಪ್ಪ. ನನ್ನ ಆಯುಷ್ಯದಲ್ಲಿ ಅವರು ನಾಲ್ಕು ವರ್ಷ ತಿಂದಿದ್ದಾರೆ, ಅವರದ್ದು ನಾಲ್ಕು ದಿನ ಕಡಿಮೆಯಾದರೆ ಆಗಲಿ.

ನಾನು ಶಿವಕಾಂತಮ್ಮ, ಕಮಲಾಪುರದ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವಳು. ಆಗಿದ್ದೆ ಅನ್ನಬೇಕು, ಆದರೆ ಬಾಯಿಗೆ ಬರುವುದಿಲ್ಲ. ಬಿಸಿಯೂಟ ಶುರುವಾದ ವರ್ಷದಿಂದ ಆ ಒಲೆ ನನ್ನದು. ಇಪ್ಪತ್ಮೂರು ವರ್ಷ. ಮುನ್ನೂರ ಇಪ್ಪತ್ತು ಮಕ್ಕಳು. ಯಾವ ಹುಡುಗಿ ಸಾಂಬಾರಿನ ಬದನೆಕಾಯಿ ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಾಳೆ, ಯಾವನು ಮನೆಯಲ್ಲಿ ಏನೂ ತಿನ್ನದೆ ಬಂದಿರುತ್ತಾನೆ, ಎಲ್ಲ ನನಗೆ ಗೊತ್ತು. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅಂತ ಗಾದೆ ಇದೆ. ನಾನು ಎರಡನ್ನೂ ಮಾಡುತ್ತಿದ್ದೆ, ಹಾಗಾಗಿ ನನ್ನ ಮೇಲೆ ಯಾರೂ ಇರಲಿಲ್ಲ.

ಈ ಜೂನ್‌ನಲ್ಲಿ ಶಾಲೆ ಶುರುವಾಗಿ ಎರಡನೇ ವಾರ. ಮುಖ್ಯಗುರು ಪಂಚಶೀಲಾ ಮೇಡಂ ನನ್ನನ್ನು ಕೋಣೆಗೆ ಕರೆದರು. ಕೈ ಒರೆಸಿಕೊಳ್ಳುತ್ತ ಹೋದೆ. ಎಣ್ಣೆ ಡಬ್ಬಿ ಬಂತೇ ಎಂದು ಕೇಳುತ್ತಾರೆ ಅಂದುಕೊಂಡಿದ್ದೆ.

"ಶಿವಕಾಂತಮ್ಮಾ, ತಾಲ್ಲೂಕಿನಿಂದ ಲಿಸ್ಟ್ ಬಂದದ. ಅರವತ್ತು ತುಂಬಿದ ಅಡಗಿಯವರನ್ನ ಈ ತಿಂಗಳ ಕೊನಿಗಿ ಬಿಡುಗಡಿ ಮಾಡಬೇಕಂತ. ನಿಮ್ಮ ಹೆಸರು ಅದ."

ನಾನು ನಕ್ಕೆ. ನಿಜವಾಗಿ ನಕ್ಕೆ. "ನಂಗ್ಯಾವ ಅರವತ್ತು ಮೇಡಂ? ಐವತ್ತಾರು. ಬ್ಯಾರೆ ಯಾವ ಶಿವಕಾಂತಮ್ಮನೋ ನೋಡ್ರಿ."

ಅವರು ಹಾಳೆ ತಿರುಗಿಸಿ ತೋರಿಸಿದರು. ನಾನು ನಾಲ್ಕನೇ ಇಯತ್ತೆ ಓದಿದವಳು, ಅಂಕಿ ಓದುತ್ತೇನೆ. ಜೂನ್ ಒಂದು, ಸರಿ. ನಮ್ಮೂರಿನ ಅರ್ಧ ಮಂದಿ ಹೆಡ್ ಮಾಸ್ತರರ ಕೃಪೆಯಿಂದ ಜೂನ್ ಒಂದಕ್ಕೇ ಹುಟ್ಟಿದವರು. ಆದರೆ ಇಸವಿ ಅರವತ್ತೊಂಬತ್ತು ಇರಬೇಕಾದಲ್ಲಿ ಅರವತ್ತೈದು ಇತ್ತು.

"ನಿಮ್ಮ ಆಧಾರದಾಗ ಹಿಂಗೇ ಅದ," ಅಂದರು ಮೇಡಂ. "ತಿದ್ದಿಸಿಕೊಂಡು ಬರ್ರಿ, ನಾ ಮ್ಯಾಲ ಬರೀತೀನಿ. ತಿಂಗಳು ಮುಗಿಯೂದ್ರಾಗ ಆಗಬೇಕು ಮತ್ತ."

ಮನೆಗೆ ಬಂದು ಟ್ರಂಕಿನ ತಳದಿಂದ ನನ್ನ ಶಾಲೆಯ ಟಿಸಿ ತೆಗೆದೆ. ಸಾವಿರದ ಒಂಬೈನೂರ ಅರವತ್ತೊಂಬತ್ತು. ದೌಲಪ್ಪನವರು ಅಂಗಳದಲ್ಲಿ ಹೊರಸಿನ ಮೇಲೆ ಕೂತು ಪೇಪರು ಓದುತ್ತಿದ್ದರು. ಕಲಬುರಗಿಯ ಒಂದು ಕಚೇರಿಯಲ್ಲಿ ಮೂವತ್ತೈದು ವರ್ಷ ಜವಾನರಾಗಿದ್ದವರು, ರಿಟೈರಾಗಿ ಎರಡು ವರ್ಷವಾಗಿತ್ತು. ವಿಷಯ ಹೇಳಿದೆ. ಪೇಪರು ಕೆಳಗಿಳಿಸದೆಯೇ ಅಂದರು, "ಸರ್ಕಾರದ ಮುಂದ ನಮ್ಮದೇನು ನಡೀತದ? ಸಾಕು ಬಿಡು. ಎಷ್ಟ ದಿನ ದುಡೀತಿ?"

ಇವರೇನು ಇಷ್ಟು ಸುಲಭವಾಗಿ ಸಾಕು ಅನ್ನುತ್ತಾರೆ ಎಂದು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ನನ್ನ ಬುದ್ಧಿಗೆ ಮಣ್ಣು ಬಿದ್ದಿತ್ತು.

ಮರುದಿನ ರಜೆ ಹಾಕಿ ಕಲಬುರಗಿ ಬಸ್ಸು ಹತ್ತಿದೆ. ನನ್ನ ಜೊತೆ ಅಡುಗೆ ಮಾಡುವ ಗುಲ್ಶನ್‌ಗೆ ತಡೆಯಲಾಗಲಿಲ್ಲ, ಉಳಿದ ಅಡುಗೆಯವರಿಗೆ ಒಲೆ ಒಪ್ಪಿಸಿ ತಾನೂ ಬಂದಳು. "ಫಿಕರ್ ಮಾಡಬ್ಯಾಡಕ್ಕಾ, ಕಾಗದ ಅದಲ್ಲ ನಿನ್ನ ಹಂತೇಕ," ಎಂದು ದಾರಿಯುದ್ದಕ್ಕೂ ಹೇಳಿದಳು. ಖೂಬಾ ಪ್ಲಾಟಿನ ಹತ್ತಿರದ ಆಧಾರ್ ಕೇಂದ್ರದಲ್ಲಿ ಟೋಕನ್ ತೆಗೆದುಕೊಂಡು ಎರಡು ತಾಸು ಕೂತೆವು. ಕಂಪ್ಯೂಟರ್ ಮುಂದಿದ್ದವನ ಹೆಸರು ಅಜರ್, ಎದೆಯ ಮೇಲೆ ಚೀಟಿ ಇತ್ತು. ಒಳ್ಳೆಯವನು. ನನ್ನ ಟಿಸಿ ನೋಡಿದ, ಪರದೆ ನೋಡಿದ, ಮತ್ತೆ ನನ್ನ ಮುಖ ನೋಡಿದ.

"ಅಮ್ಮಾ, ಹುಟ್ಟಿದ ತಾರೀಖು ಒಂದೇ ಸಲ ಬದಲಿ ಮಾಡಾಕ ಬರ್ತದ. ನಿಮ್ಮದು ಆಗಿ ಹೋಗ್ಯಾದ."

"ನಾ ಯಾವಾಗ ಮಾಡ್ಸೀನಪಾ?"

"ಮೂರು ವರ್ಷದ ಹಿಂದ, ಮಾರ್ಚ್‌ದಾಗ. ಅವತ್ತು ಬೆರಳೂ ಹೊಸದಾಗಿ ಕೊಟ್ಟೀರಿ ನೋಡ್ರಿ. ಮೊದಲು ಅರವತ್ತೊಂಬತ್ತೇ ಇತ್ತು. ಅರವತ್ತೈದು ಮಾಡ್ಸೀರಿ. ಇನ್ನೊಮ್ಮೆ ಬದಲಿ ಮಾಡಬೇಕಂದ್ರ ಬೆಂಗಳೂರಿಗಿ ಅರ್ಜಿ ಹಾಕಬೇಕು, ಜನನ ಪ್ರಮಾಣಪತ್ರ ಬೇಕು. ಅದ ಏನು?"

ಹೊಲದಲ್ಲಿ ಹುಟ್ಟಿದವಳಿಗೆ ಯಾವ ಪ್ರಮಾಣಪತ್ರ?

ಬೆರಳು ಅಂದ ಕೂಡಲೇ ನೆನಪಾಯಿತು. ಇಪ್ಪತ್ತು ವರ್ಷ ದೊಡ್ಡ ಪಾತ್ರೆ ತಿಕ್ಕಿ ತಿಕ್ಕಿ ನನ್ನ ಬೆರಳಿನ ಗೆರೆಗಳೆಲ್ಲ ಅಳಿಸಿಹೋಗಿವೆ. ರೇಷನ್ ಅಂಗಡಿಯ ಮಷಿನ್ ನನ್ನ ಹೆಬ್ಬೆರಳು ಹಿಡಿಯುತ್ತಿರಲಿಲ್ಲ. ಬೆರಳು ಹೊಸದಾಗಿ ಕೊಟ್ಟು ಬರೋಣ ಎಂದು ಮೂರು ವರ್ಷದ ಹಿಂದೆ ದೌಲಪ್ಪನವರೇ ನನ್ನನ್ನು ಇದೇ ಕೇಂದ್ರಕ್ಕೆ ಕರೆತಂದಿದ್ದರು. ಆಗ ಬೇರೆ ಯಾರೋ ಕೂತಿದ್ದರು. ಅವರು ಕೇಳಿದ್ದಕ್ಕೆಲ್ಲ ಇವರೇ ಉತ್ತರ ಕೊಟ್ಟರು. ನನ್ನ ಹೆಸರೂ ಇವರೇ ಹೇಳಿದರು. ನಮ್ಮಲ್ಲಿ ಹಾಗೇ. ಗಂಡ ಪಕ್ಕದಲ್ಲಿದ್ದರೆ ಹೆಂಗಸಿನ ಬಾಯಿ ಯಾರೂ ನೋಡುವುದಿಲ್ಲ, ಅವಳೂ ತೆರೆಯುವುದಿಲ್ಲ. ನಾನು ಕಣ್ಣಿನ ಯಂತ್ರಕ್ಕೆ ಕಣ್ಣು ಕೊಟ್ಟು ಕೂತಿದ್ದಾಗ ಇವರು ಅಂಗಿಯ ಜೇಬಿನಿಂದ ನೇರಳೆ ಬಣ್ಣದ ಸಿಕ್ಕಾ ಒತ್ತಿದ್ದ ಒಂದು ಕಾಗದ ತೆಗೆದು ಕೊಟ್ಟರು. ಅದೇನು ಎಂದಿದ್ದಕ್ಕೆ "ನಿನಗ ತಿಳಿಯೂದಿಲ್ಲ ಸುಮ್ಮಕಿರು" ಅಂದರು. ಹೊಸ ಕಾರ್ಡು ಬಂದಾಗ ತಮ್ಮ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡರು. ಶಾಲೆಯವರು ಹೋದ ವರ್ಷ ಆಧಾರ್ ಕೇಳಿದಾಗಲೂ ತಾವೇ ಹೋಗಿ ಕೊಟ್ಟು ಬಂದರು. ಎಷ್ಟು ಕಾಳಜಿ ನನ್ನ ಗಂಡನಿಗೆ ಎಂದು ಗುಲ್ಶನ್ ಮುಂದೆ ಹೊಗಳಿದ್ದೆ ನಾನು!

ಮೈಯೆಲ್ಲ ಉರಿದು ಹೋಯಿತು. ಯಾರೋ ಶತ್ರು ಮಾಡಿದ್ದರೆ ಬೈದು ಸುಮ್ಮನಾಗಬಹುದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ವಾಪಸ್ ಬಸ್ಸಿನಲ್ಲಿ ಒಬ್ಬ ಹುಡುಗಿ ಎದ್ದು, "ಅಜ್ಜಿ, ಕೂಡ್ರಿ" ಎಂದು ಜಾಗ ಬಿಟ್ಟಳು. ಆ ಮಗುವಿಗೂ ಬೈದುಬಿಟ್ಟೆ. ಆಮೇಲೆ ನಾಚಿಕೆಯಾಯಿತು, ಆದರೂ ಕೂರಲಿಲ್ಲ. ಕಮಲಾಪುರದವರೆಗೂ ನಿಂತೇ ಬಂದೆ.

ಗುಲ್ಶನ್ ಇಳಿಯುವಾಗ ಕೈ ಹಿಡಿದಳು. "ಮೊದಲು ಕೇಳಕ್ಕಾ. ಆಮ್ಯಾಲ ಬೈ."

ಕೇಳಿದೆ. ಹೊರಸಿನ ಮುಂದೆ ನಿಂತು, ಪೇಪರು ಕಿತ್ತು ಬಿಸಾಕಿ ಕೇಳಿದೆ. "ನನ್ನ ವಯಸ್ಸು ಯಾಕ ಬದಲಿ ಮಾಡ್ಸಿದ್ರಿ?"

ಸುಳ್ಳು ಹೇಳುತ್ತಾರೆ ಅಂದುಕೊಂಡಿದ್ದೆ. ಹೇಳಲಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು.

"ನಾ ರಿಟೈರ್ ಆಗಾಂವಿದ್ದೆ," ಅಂದರು. "ನೀ ಮುಂಜಾನೆ ಎಂಟಕ್ಕ ಹೋದರ ಮೂರಕ್ಕ ಬರ್ತಿ. ಅಲ್ಲೀ ತನಕ ನಾ ಒಬ್ಬಾಂವ ಈ ಮನ್ಯಾಗ ಏನ್ ಮಾಡ್ಲಿ? ಇಬ್ಬರೂ ಕೂಡಿ ಆರಾಮ ಇರೂನು ಅಂದ್ಕೊಂಡೆ. ಹನ್ನೊಂದಕ್ಕ ಒಂದು ಕಪ್ ಚಾ ಕೊಡಾವರು ಯಾರದಾರ ನಂಗ? ಅದಕ್ಕ ನಮ್ಮ ಸಾಹೇಬರ ಕಡಿಂದ ಒಂದು ಸರ್ಟಿಫಿಕೇಟ್ ಬರಿಸ್ಕೊಂಡೆ."

"ನನಗ ಕೇಳಬೇಕಿತ್ತಲ್ರೀ."

"ಕೇಳಿದ್ರ ನೀ ಹ್ಞೂಂ ಅಂತಿದ್ದೇನು?"

ಅನ್ನುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಮೂವತ್ತೈದು ವರ್ಷ ಸಾಹೇಬರಿಗೆ ದಿನಾ ಹನ್ನೊಂದಕ್ಕೆ ಚಹಾ ಕೊಟ್ಟ ಮನುಷ್ಯ. ತನಗೂ ಒಬ್ಬ ಜವಾನ ಬೇಕು ಅನ್ನಿಸಿದೆ. ಅದಕ್ಕೆ ಹೆಂಡತಿಯನ್ನು ಕಾಗದದ ಮೇಲೆ ಮುದುಕಿ ಮಾಡಿ ಮನೆಗೆ ತಂದು ಕೂಡಿಸಿಕೊಂಡರು. ಪ್ರೀತಿಯಂತೆ! ಕುಸನೂರಿನಲ್ಲಿರುವ ಮಗಳು ಸೃಷ್ಟಿ ಫೋನಿನಲ್ಲಿ ಹಾಗೇ ಅಂದಳು, "ಅಪ್ಪ ಪ್ರೀತಿಲೇ ಮಾಡ್ಯಾನಬೇ." ಮುನ್ನೂರ ಇಪ್ಪತ್ತು ಮಕ್ಕಳ ಅನ್ನದ ಒಲೆ ಆರಿಸಿ, ಒಂದು ಕಪ್ ಚಹಾದ ಒಲೆ ಹಚ್ಚುವ ಪ್ರೀತಿ ನನಗೆ ಬೇಡ ಅಂದೆ. ಫೋನ್ ಇಟ್ಟೆ.

ತಿಂಗಳು ಮುಗಿಯಿತು. ಪಂಚಶೀಲಾ ಮೇಡಂ ಎರಡು ಸಲ ಮೇಲಕ್ಕೆ ಬರೆದರು. ಆಧಾರದಲ್ಲಿ ಇದ್ದಂತೆಯೇ ನಡೆಯಬೇಕು ಎಂದು ಉತ್ತರ ಬಂತು. ಕೊನೆಯ ದಿನ ನಾನೇ ಅನ್ನ ಬಸಿದೆ, ನಾನೇ ಬಡಿಸಿದೆ. ಬದನೆಕಾಯಿ ಹುಡುಗಿಗೆ ಅವತ್ತು ಬದನೆಕಾಯಿ ಬೀಳದ ಹಾಗೆ ಸೌಟು ಆಡಿಸಿದೆ. ಊಟವಾದ ಮೇಲೆ ಮಕ್ಕಳನ್ನೆಲ್ಲ ಕೂಡಿಸಿ, ಮೇಡಂ ಉಡಿ ತುಂಬಿದರು. ಕುಬಸದ ಕಣ, ಕೊಬ್ಬರಿ, ಉತ್ತತ್ತಿ, ಮೇಲೆ ನಮ್ಮೂರಿನ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು. ಗುಲ್ಶನ್ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ದೌಲಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತಿದ್ದರು.

"ಶಿವಕಾಂತಮ್ಮನವರು ಎರಡು ಮಾತು ಹೇಳಬೇಕು," ಅಂದರು ಮೇಡಂ.

ನಾನು ಏಳುವುದರೊಳಗೆ ಇವರು ಎದ್ದರು. "ಆಕಿ ಏನ್ ಮಾತಾಡ್ತಾಳ್ರೀ ಮೇಡಂ, ನಾ ಹೇಳ್ತೀನಿ. ಇಷ್ಟ ವರ್ಷ ದುಡದಾಳ, ಇನ್ನ ಮ್ಯಾಲ ಮನ್ಯಾಗ ಆರಾಮ..."

ಮೈಕು ಕಸಿದುಕೊಂಡೆ. ಮಕ್ಕಳು ನಕ್ಕರು.

"ನಂಗ ಐವತ್ತಾರು," ಅಂದೆ. ಅಷ್ಟೇ ಬಂದಿತು ಬಾಯಿಂದ. ಕೂತೆ.

ಮರುದಿನ ನಸುಕಿನಲ್ಲೇ ಎಚ್ಚರವಾಯಿತು. ಎಂಟಾಯಿತು, ಒಂಬತ್ತಾಯಿತು, ಹತ್ತಾಯಿತು. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದೆ. ಶಾಲೆಯಲ್ಲಿ ಈಗ ಬೇಳೆ ಕುದಿಯುತ್ತಿರುತ್ತದೆ, ಗುಲ್ಶನ್ ಒಬ್ಬಳೇ ಅಕ್ಕಿ ತೊಳೆಯುತ್ತಿರುತ್ತಾಳೆ. ಹನ್ನೊಂದಕ್ಕೆ ಸರಿಯಾಗಿ ಅಂಗಳದಿಂದ ದನಿ ಬಂತು.

"ಏ, ಚಾ ಇಡು."

ಉಡಿಯ ಸಾಮಾನಿನ ಜೊತೆ ಮೇಡಂ ಕೊಟ್ಟಿದ್ದ ಬಿಡುಗಡೆ ಆದೇಶ ನನ್ನ ಪಕ್ಕದಲ್ಲೇ ಇತ್ತು. ಅದನ್ನು ತೆಗೆದುಕೊಂಡು ಹೋಗಿ ಹೊರಸಿನ ಮುಂದೆ ನಿಂತೆ. ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದೆ. "ಅರವತ್ತು ವರ್ಷ ಪೂರ್ಣಗೊಂಡಿರುವುದರಿಂದ, ಸದರಿಯವರನ್ನು ಅಡುಗೆ ಕೆಲಸದಿಂದ ಬಿಡುಗಡೆಗೊಳಿಸಲಾಗಿದೆ."

"ಅದು ಸಾಲಿಯದು," ಅಂದರು ದೌಲಪ್ಪನವರು.

"ವಯಸ್ಸು ಸಾಲಿಗೊಂದು, ಮನಿಗೊಂದು ಇರ್ತದೇನ್ರೀ? ಅರವತ್ತಾಗ್ಯಾದ ಅಂತ ನೀವೇ ಬರಿಸೀರಿ. ಅಡಗಿ ಬಂದ್. ಇಬ್ಬರೂ ಕೂಡಿ ಆರಾಮ ಇರೂನು ಅಂದ್ರಲ್ಲ, ನಾ ಆರಾಮ ಇದ್ದೀನಿ."

ಅವರು ನನ್ನ ಮುಖ ನೋಡಿದರು, ತಮಾಷೆಯೋ ನಿಜವೋ ಎಂದು. ನಂತರ ಎದ್ದು ಒಳಗೆ ಹೋದರು. ಡಬ್ಬಿಗಳ ಸದ್ದು. ಸಕ್ಕರೆ ಎಲ್ಲಿದೆ ಎಂದು ಕೇಳಿದರು, ಹೇಳಲಿಲ್ಲ. ಬಹಳ ಹೊತ್ತಾದ ಮೇಲೆ ಎರಡು ಕಪ್ ಹಿಡಿದು ಬಂದರು. ಒಂದನ್ನು ನನ್ನ ಮುಂದೆ ಇಟ್ಟು, ಹಳೆಯ ರೂಢಿ, ಪಕ್ಕದಲ್ಲಿ ನಿಂತೇ ಇದ್ದರು. ಹಾಲು ಉಕ್ಕಿಸಿದ ವಾಸನೆ ಬರುತ್ತಿತ್ತು. ಕುಡಿದೆ. ಸಕ್ಕರೆಯೇ ಇರಲಿಲ್ಲ.

"ಇದು ಎಷ್ಟ ದಿನ ನಡೀತದ?" ಮೆಲ್ಲಗೆ ಕೇಳಿದರು. "ನಿನ್ನ ಸಿಟ್ಟು ಯಾವಾಗ ಇಳೀತದ?"

ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಅನ್ನುತ್ತಾರೆ. ನಾನು ಕೋಪದಲ್ಲಿ ಏನನ್ನೂ ಕೊಯ್ಯಲಿಲ್ಲ. ಲೆಕ್ಕ ನನಗೆ ಬಾಯಿಪಾಠವಾಗಿತ್ತು.

"ಜೂನ್ ಒಂದು, ಎರಡು ಸಾವಿರದ ಇಪ್ಪತ್ತೊಂಬತ್ತು," ಅಂದೆ. "ಅವತ್ತು ನಂಗ ಖರೇನೇ ಅರವತ್ತು ಆಗ್ತದ, ನೀವು ತಿಂದ ನಾಲ್ಕು ವರ್ಷದ ಲೆಕ್ಕ ತೀರ್ತದ. ಅವತ್ತು ಹನ್ನೊಂದಕ್ಕ ನಾ ಚಾ ಇಡ್ತೀನಿ."