ಎಡಗೈ ಅಳತೆ

"ನಿಮ್ಮ ಹೆಸರು ಬರ್ತಾ ಇದೆಯಲ್ಲಮ್ಮಾ," ಎಂದಳು ಕಂಪ್ಯೂಟರ್ ಮುಂದೆ ಕೂತಿದ್ದ ಮಹಿಳಾ ಪೇದೆ.

"ಬರದೆ ಇನ್ನೇನು? ನಾನೇ ಕೊಟ್ಟ ದೂರು ಅದು."

"ದೂರು ಕೊಟ್ಟೋರು ಅಂತ ಇಲ್ಲ ಇಲ್ಲಿ. ಆರೋಪಿಗಳು ಅಂತ ಇದೆ. ಎರಡು ಹೆಸರು. ಒಂದು ನಿಮ್ಮದು, ಇನ್ನೊಂದು..." ಪೇದೆ ಪರದೆಯ ಹತ್ತಿರಕ್ಕೆ ಬಗ್ಗಿದಳು.

"ಇನ್ನೊಂದು ನಮ್ಮ ಯಜಮಾನರದು. ಹೊಡೆದೋರು ಅವರು, ಹೊಡೆಸಿಕೊಂಡೋಳು ನಾನು. ಇಬ್ಬರನ್ನೂ ಒಂದೇ ನೊಗಕ್ಕೆ ಕಟ್ಟಿದ್ರೆ ಹೇಗಮ್ಮಾ?"

ದೂರು ಕೊಟ್ಟವಳು ಪುಟ್ಟ ಮಕ್ಕಳ ಶಾಲೆಯಲ್ಲಿ ಆಯಾ. ಮಕ್ಕಳು ಅವಳನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದವು. ಮಕ್ಕಳನ್ನು ಮುಟ್ಟುವ ಕೆಲಸದವರೆಲ್ಲ ತಮ್ಮ ಮೇಲೆ ಯಾವ ಕೇಸೂ ಇಲ್ಲವೆಂದು ಪೊಲೀಸರಿಂದ ಪತ್ರ ತರಬೇಕೆಂದು ಈ ವರ್ಷ ಹೊಸ ನಿಯಮ ಬಂದಿತ್ತು. ತರದವರಿಗೆ ಕೆಲಸವಿಲ್ಲ. ಅರ್ಧ ಗಂಟೆಯ ಕೆಲಸವೆಂದುಕೊಂಡು ಎರಡು ಫೋಟೋ ಹಿಡಿದು ಶಾಲೆಯ ನೀಲಿ ಕೋಟಿನಲ್ಲೇ ಠಾಣೆಗೆ ಬಂದಿದ್ದಳು.

"ಹಳೇ ಪುಸ್ತಕ ನೋಡಿ ಕಂಪ್ಯೂಟರಿಗೆ ಹಾಕೋಕೆ ದಿನಗೂಲಿಯವರನ್ನ ಇಟ್ಟಿದ್ರು," ಎಂದಳು ಪೇದೆ. "ಕಂಡ ಹೆಸರನ್ನೆಲ್ಲ ಒಂದೇ ಕಡೆ ತುಂಬಿ ಹೋಗಿದ್ದಾರೆ. ಈಗ ಪತ್ರ ತೆಗೆದ್ರೆ ಕೇಸ್ ಇದೆ ಅಂತಲೇ ಬರುತ್ತೆ. ಕೋರ್ಟಿನಿಂದ ಆ ಫೈಲಿನ ನಕಲು ತನ್ನಿ. ಯಾರು ಏನು ಅಂತ ಅದರಲ್ಲಿ ಇರುತ್ತೆ." ಒಂದು ಚೀಟಿಯ ಹಿಂದೆ ಕೇಸಿನ ನಂಬರು ಬರೆದುಕೊಟ್ಟಳು.

ಕೋರ್ಟಿನ ದಾಖಲೆ ಕೋಣೆ ಸೈಕಲ್ ನಿಲ್ಲಿಸುವ ಜಾಗದ ಹಿಂದಿತ್ತು. ಅರ್ಧ ಬಾಗಿಲಿನ ಮೇಲೊಂದು ಹಲಗೆ. ಹಲಗೆಯಾಚೆ ಸ್ವೆಟರ್ ಹಾಕಿಕೊಂಡ ಗುಮಾಸ್ತ ಅವಳ ಅರ್ಜಿ ಇಸಿದುಕೊಂಡು, ಮುದ್ರೆ ಒತ್ತಿ, ಸೋಮವಾರ ಬನ್ನಿ ಎಂದ. ಸೋಮವಾರ ಹೋದಾಗ ತಲೆಯೆತ್ತದೆ ಹೇಳಿದ.

"ಆ ಫೈಲಿಲ್ಲ."

"ಕಳೆದುಹೋಯ್ತಾ?"

"ಕಳೆಯೋಕೆ ಅದೇನು ಕೊಡೆಯಾ? ನಾಶ ಮಾಡಿದ್ದಾರೆ. ರಾಜಿಯಾದ ಕೇಸು. ಅವಧಿ ಮುಗಿದ ಮೇಲೆ ಇಟ್ಕೊಳ್ಳಲ್ಲ. ಜಾಗ ಬೇಡ್ವಾ?"

"ಇಲ್ಲಿ ನಾಶವಾಗಿದ್ದು ಠಾಣೆ ಕಂಪ್ಯೂಟರಲ್ಲಿ ಯಾಕೆ ಬದುಕಿದೆ ಹಾಗಾದ್ರೆ?"

"ಅದು ಅವರ ಇಲಾಖೆ, ಇದು ನಮ್ಮ ಇಲಾಖೆ."

"ಒಳ್ಳೇ ಇಲಾಖೆಗಳು. ಒಬ್ಬರು ಮರೆಯಲ್ಲ, ಇನ್ನೊಬ್ಬರಿಗೆ ನೆನಪಿಲ್ಲ. ಈ ಮಾತನ್ನಾದರೂ ಬರೆದುಕೊಡಿ."

ಗುಮಾಸ್ತ ಆಗ ತಲೆಯೆತ್ತಿದ. ಫೈಲು ಲಭ್ಯವಿಲ್ಲ ಎಂದು ಅರ್ಜಿಯ ಕೆಳಗೆ ಬರೆದು ಇನ್ನೊಂದು ಮುದ್ರೆ ಒತ್ತಿಕೊಟ್ಟ.

ಅದನ್ನು ಹಿಡಿದು ಅವಳು ಮತ್ತೆ ಠಾಣೆಗೆ ಹೋದಳು. ಪೇದೆ ಒಳಗೆ ಹೋಗಿ ಸಾಹೇಬರನ್ನು ಕೇಳಿಕೊಂಡು ಬಂದಳು. ದೂರಿನ ಹಳೆಯ ಪುಸ್ತಕ ಅಟ್ಟದ ಮೇಲಿದೆ, ಇಳಿಸಿ ಹುಡುಕಬಹುದು. ಆದರೆ ಅದೊಂದನ್ನೇ ನಂಬಿ ಸಾಹೇಬರು ತಿದ್ದುಪಡಿಗೆ ಸಹಿ ಹಾಕುವುದಿಲ್ಲ.

"ಹೊಡೆದೋರೇ ಬಂದು ಬರೆದುಕೊಡಲಿ ಅಂತಾರೆ. ಆರೋಪಿ ನಾನು, ಅವಳಲ್ಲ ಅಂತ. ಇದ್ದಾರಾ ಅವರು?"

"ಇರದೆ ಏನು. ಊಟದ ಹೊತ್ತಿಗೆ ಸರಿಯಾಗಿ ಬರ್ತಾರೆ."

ಅವಳ ಗಂಡ ಟೈಲರ್. ಬೀದಿಯ ಕೊನೆಯಲ್ಲಿ ಅಂಗಡಿ. ಬಟ್ಟೆ ಹೊಲಿಸುವವರಿಗಿಂತ ಜಗಳ ಬಿಡಿಸಿಕೊಳ್ಳುವವರೇ ಈಗ ಅಲ್ಲಿಗೆ ಹೆಚ್ಚು ಬರುತ್ತಿದ್ದರು. ಬಾಡಿಗೆಯವರಿಗೂ ಮನೆ ಮಾಲೀಕರಿಗೂ, ಅಣ್ಣನಿಗೂ ತಮ್ಮನಿಗೂ ಅವನು ಹೇಳಿದ್ದೇ ಕೊನೆಯ ಮಾತು. ದನಿ ಎತ್ತುತ್ತಿರಲಿಲ್ಲ. ಸೊಸೆ ಮದುವೆಯಾಗಿ ಬಂದ ಮೇಲೆ ಅವನು ಒಮ್ಮೆಯೂ ಸಿಟ್ಟಾದದ್ದನ್ನು ಕಂಡಿರಲಿಲ್ಲ.

ಅಂದು ಮಧ್ಯಾಹ್ನ ಅವನು ಊಟಕ್ಕೆ ಕೂತಾಗ ಆಯಾ ವಿಷಯ ಹೇಳಿದಳು.

"ಅದ್ಯಾವ ಕಾಲದ ಮಾತು," ಎಂದ ಅವನು. "ಬಿಟ್ಟುಬಿಡು ಆ ಕೆಲಸ. ಈ ವಯಸ್ಸಲ್ಲಿ ಯಾರೋ ಹೆತ್ತ ಮಕ್ಕಳ ಮೂಗು ಒರೆಸೋ ಕರ್ಮ ನಿನಗೇನು?"

"ಆ ಮೂಗುಗಳು ನನಗೆ ಬೇಕು."

"ಯಾವ ಕೇಸು ಅತ್ತೆ?" ಎಂದಳು ಬಡಿಸುತ್ತಿದ್ದ ಸೊಸೆ.

"ನಿಮ್ಮ ಮಾವ ನನ್ನ ಕೈ ಮುರಿದ ಕೇಸು."

ಸೊಸೆ ನಕ್ಕುಬಿಟ್ಟಳು. "ಯಾರು, ಮಾವನಾ? ಸೊಳ್ಳೆ ಕೂತ್ರೂ ಊದಿ ಓಡಿಸ್ತಾರೆ." ಮಾವ ತಟ್ಟೆ ನೋಡುತ್ತಿದ್ದ. ಅತ್ತೆ ಮಾವನನ್ನು ನೋಡುತ್ತಿದ್ದಳು. ಸೊಸೆಯ ನಗು ಅರ್ಧಕ್ಕೇ ನಿಂತಿತು. ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

"ಅವಳ ಮುಂದೆ ಹೇಳಬೇಕಾಗಿತ್ತಾ?"

"ಕೇಳಿದಳು, ಹೇಳಿದೆ."

"ನಾನು ಠಾಣೆ ಮೆಟ್ಟಿಲು ಹತ್ತೋನಲ್ಲ."

"ಹತ್ತಿದ್ದೀರಲ್ಲ ಒಂದು ಸಲ. ಮೆಟ್ಟಿಲು ಅವೇ ಇವೆ. ಗೋಡೆ ಬಣ್ಣ ಮಾತ್ರ ಬೇರೆ."

ಅವನು ಕೈ ತೊಳೆದು ಎದ್ದ. ಚಪ್ಪಲಿ ಮೆಟ್ಟುತ್ತ ಅವಳ ಕೋಟಿನ ಕಡೆ ನೋಡಿ, "ಆ ಎಡಗೈ ತೋಳಿನ ಗುಂಡಿ ಹಾಕ್ಕೋ ಮೊದಲು. ಟೈಲರ್ ಹೆಂಡತಿ ಹೀಗೆ ಬಿಚ್ಚಿಕೊಂಡು ತಿರುಗಿದ್ರೆ ಅಂಗಡಿ ಮರ್ಯಾದೆ ಏನಾಗಬೇಕು?" ಎಂದ.

ಇದು ಅವನು ವರ್ಷಾನುಗಟ್ಟಲೆ ಹೇಳುತ್ತ ಬಂದ ಮಾತು. ಶಾಲೆಯವರು ವರ್ಷಕ್ಕೊಮ್ಮೆ ಬಟ್ಟೆ ಕೊಡುತ್ತಿದ್ದರು, ಕೋಟು ಹೊಲಿಯುತ್ತಿದ್ದವನು ಅವನೇ. ಬಲಗೈ ಅಳತೆ ತೆಗೆದುಕೊಂಡು, ಬಟ್ಟೆಯನ್ನು ಮಡಿಚಿ, ಎರಡೂ ತೋಳನ್ನು ಒಟ್ಟಿಗೇ ಕತ್ತರಿಸುತ್ತಿದ್ದ. ಎಲ್ಲ ಟೈಲರ್‌ಗಳೂ ಹಾಗೆಯೇ. ಎಡತೋಳು ಬಿಗಿಯಾಗುತ್ತದೆಂದು ಅವಳು ಮೊದಲ ವರ್ಷ ಹೇಳಿದ್ದಳು. ಎರಡೂ ಒಂದೇ ಅಳತೆ, ಒಂದು ಬಿಗಿ ಒಂದು ಸಡಿಲ ಹೇಗಾಗುತ್ತೆ ಎಂದು ಅವನು ನಕ್ಕಿದ್ದ. ಆಮೇಲೆ ಅವಳು ಹೇಳಲಿಲ್ಲ.

ಮರುದಿನ ಮುಖ್ಯೋಪಾಧ್ಯಾಯಿನಿ ಅವಳನ್ನು ಕರೆಸಿದಳು. ಪತ್ರ ಬರುವ ತನಕ ಮಕ್ಕಳ ಕೋಣೆಗೆ ಹೋಗಬಾರದು, ಗೇಟಿನ ಹತ್ತಿರ ಕೂತಿರಬಹುದು. ಈ ವಾರ ಕಳೆದರೆ ಬೇರೆಯವರನ್ನು ಹುಡುಕಬೇಕಾಗುತ್ತದೆ, ತಾನೂ ನಿಯಮಕ್ಕೆ ಕಟ್ಟುಬಿದ್ದವಳು ಎಂದಳು. ಆಯಾ ಹೋಗಿ ಕಾವಲುಗಾರನ ಬೆಂಚಿನ ತುದಿಯಲ್ಲಿ ಕೂತಳು. ಕಿಟಕಿಯ ಸರಳಿಗೆ ಮುಖ ಒತ್ತಿ ಒಂದು ಮಗು, "ದೊಡ್ಡಮ್ಮಾ, ನಂಗೆ ಬೂಟು ಹಾಕೋಕೆ ಬರಲ್ಲ," ಎಂದು ಕೂಗಿತು. ಅವಳು ಎದ್ದಳು, ಮತ್ತೆ ಕೂತಳು.

"ಎಡದ್ದು ಬಲಕ್ಕೆ ಹಾಕಿದ್ದೀಯ ಪುಟ್ಟಾ," ಎಂದು ಅಲ್ಲಿಂದಲೇ ಕೂಗಿದಳು.

ಟೈಲರ್ ಬಂದದ್ದು ಆ ಹೊತ್ತಿಗೆ. ಮಕ್ಕಳ ಸಮವಸ್ತ್ರದ ಗಂಟು ಸೈಕಲ್ಲಿನ ಹಿಂದಿತ್ತು. ಹೆಂಡತಿ ಗೇಟಿನಲ್ಲಿ ಕೂತಿರುವುದನ್ನು ಕಂಡು ಅವನು ಸೈಕಲ್ ಹಿಡಿದೇ ನಿಂತ.

ಕಾವಲುಗಾರನಿಗೆ ಮಾತಿಗೆ ಜನ ಬೇಕಾಗಿತ್ತು. "ಬನ್ನಿ ಬನ್ನಿ ಟೈಲರ್ರೇ. ನಿಮ್ಮ ಮನೆಯವರು ಇಷ್ಟು ಜೋರು ಅಂತ ನಮಗೆ ಗೊತ್ತೇ ಇರಲಿಲ್ಲ. ಯಾರದೋ ಕೈ ಮುರಿದಿದ್ದಾರಂತೆ, ಕೇಸಾಗಿದೆಯಂತೆ. ಮೇಡಂಗಳೆಲ್ಲ ಅದನ್ನೇ ಮಾತಾಡ್ತಿದ್ದಾರೆ." ಅವನು ಟೈಲರನ ತೋಳನ್ನು ಹಿಡಿದು ಅಲ್ಲಾಡಿಸಿದ. "ನಿಮ್ಮದು ಗಟ್ಟಿಯಾಗಿದೆ ತಾನೆ?"

ಟೈಲರ್ ತೋಳು ಬಿಡಿಸಿಕೊಂಡ. ಗಂಟು ಬಿಚ್ಚಿ ಬೆಂಚಿನ ಮೇಲಿಟ್ಟ. ಬಟ್ಟೆಗಳನ್ನು ಎಣಿಸತೊಡಗಿ, ನಡುವೆ ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಎಣಿಸಿದ. ಅವಳು ಕಿಟಕಿಯ ಕಡೆಗೇ ನೋಡುತ್ತಿದ್ದಳು.

"ಎಷ್ಟು ಹೊತ್ತಿನ ತನಕ ಇರ್ತಾರೆ ಆ ಪೊಲೀಸ್ನೋರು?" ಎಂದ ಕೊನೆಗೆ.

"ಸಂಜೆ ತನಕ."

"ನಡಿ."

ಪೇದೆ ಅಟ್ಟದಿಂದ ಪುಸ್ತಕ ಇಳಿಸಿಟ್ಟಿದ್ದಳು. ಅದರ ಬೆನ್ನು ಹರಿದು ದಾರ ನೇತಾಡುತ್ತಿತ್ತು. ಇಬ್ಬರೂ ಕೂರುವಂತೆ ಹೇಳಿ ಅವನ ಮುಂದೆ ಬಿಳಿ ಹಾಳೆ ಇಟ್ಟಳು. ಹಿಂದಿನ ಬೆಂಚಿನಲ್ಲಿ ಮೊಬೈಲ್ ಕಳೆದುಕೊಂಡವನೊಬ್ಬ ಸರದಿಗೆ ಕಾದಿದ್ದ. ಇಡೀ ಬೀದಿಗೆ ಹಾಲು ಹಾಕುವವನು. ಅವನು ಟೈಲರಿಗೆ ಕೈ ಮುಗಿದು, ಯಾರ ಪಂಚಾಯಿತಿ ಇವತ್ತು ಎಂದು ಕೇಳಿದ. ಟೈಲರ್ ಪೆನ್ನಿನ ಮುಚ್ಚಳ ತೆಗೆದ.

ಬರೆದು ಮುಗಿಸಿದ್ದನ್ನು ಪೇದೆ ಓದಿದಳು. "ಸಂಸಾರದಲ್ಲಿ ಮಾತಿಗೆ ಮಾತು ಬೆಳೆದು ನನ್ನ ಹೆಂಡತಿಗೆ ಪೆಟ್ಟಾಗಿತ್ತು. ನಂತರ ರಾಜಿ ಮಾಡಿಕೊಂಡಿರುತ್ತೇವೆ." ಅವಳು ಹಾಳೆಯನ್ನು ವಾಪಸು ತಳ್ಳಿದಳು. "ಹೊಡೆದಿದ್ದು ಯಾರು ಅಂತಲೇ ಇಲ್ವಲ್ಲ ಇದರಲ್ಲಿ. ಅದಕ್ಕೇ ಅಲ್ವಾ ನಿಮ್ಮನ್ನ ಕರೆಸಿದ್ದು?"

ಅವನು ಹೊಸ ಹಾಳೆಯ ಮೇಲೆ ನಿಧಾನವಾಗಿ, ಅಕ್ಷರ ಕೂಡಿಸಿಕೊಂಡು ಬರೆದ. ಪೇದೆ ಹಳೆಯ ಪುಸ್ತಕ ತೆರೆದು ಒಂದೊಂದಾಗಿ ತಾಳೆ ನೋಡತೊಡಗಿದಳು.

"ಜಗಳ ಯಾಕೆ ಬಂತು?"

"ಗಿರಾಕಿಯ ಅಂಗಿ ಕಾಲರ್ ಇಸ್ತ್ರಿ ಮಾಡುವಾಗ ಸುಟ್ಟಿದ್ದಳು."

"ಸರಿ. ಯಾವುದರಿಂದ ಹೊಡೆದ್ರಿ?"

"ಅಳತೆ ಕೋಲಿಂದ. ಮರದ್ದು." ಹಿಂದಿನ ಬೆಂಚು ಕಿರುಗುಟ್ಟಿತು.

"ಸರಿ. ಎಲ್ಲಿಗೆ ಬಿತ್ತು?"

"ಕೈಗೆ. ತಲೆಗೆ ಬೀಳುತ್ತೆ ಅಂತ ಅಡ್ಡ ಹಿಡಿದಳು. ಮಣಿಕಟ್ಟು ಮುರೀತು."

"ಯಾವ ಕೈ?"

"ಬಲಗೈ."

ಪೇದೆಯ ಬೆರಳು ಸಾಲಿನ ಮೇಲೆ ನಿಂತಿತು. "ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ಇಲ್ಲಿ ಬೇರೆ ಇದೆ."

ಅವನು ಹೆಂಡತಿಯ ಕಡೆ ತಿರುಗಿದ. ಅಂದು ಹೊಡೆದ ಮೇಲೆ ಅವನು ತನ್ನ ಅಕ್ಕನ ಮನೆಗೆ ಓಡಿಹೋಗಿದ್ದ. ಅವಳ ಪ್ಲಾಸ್ಟರ್ ಬಿಚ್ಚಿದ ಮೇಲೆಯೇ ವಾಪಸಾದದ್ದು. ಅವಳು ಎಡಗೈಯನ್ನು ಮೇಜಿನ ಮೇಲೆ, ತೆರೆದ ಪುಸ್ತಕದ ಪಕ್ಕದಲ್ಲಿಟ್ಟಳು. ಗುಂಡಿ ಹಾಕದ ತೋಳು ಹಿಂದೆ ಸರಿಯಿತು. ಮಣಿಕಟ್ಟಿನ ಮೂಳೆ ಒಂದು ಕಡೆ ಗಂಟಾಗಿ ಎದ್ದು ನಿಂತಿತ್ತು.

"ಎಡಗೈ," ಎಂದ ಅವನು.

"ಬರೀರಿ."

ಬರೆದ. ಸಾಹೇಬರು ಒಳಗಿನಿಂದಲೇ ಸಹಿ ಮಾಡಿ ಕಳಿಸಿದರು. ಅವರು ಹೊರಡಲು ಎದ್ದಾಗ ಹಾಲಿನವನು ಗೋಡೆಯ ಮೇಲಿನ ಫಲಕ ಓದುವುದರಲ್ಲಿ ಮುಳುಗಿದ್ದ.

ಪತ್ರ ಶನಿವಾರ ಸಿಕ್ಕಿತು. ಸೋಮವಾರ ಆಯಾ ಮಕ್ಕಳ ಕೋಣೆಗೆ ಹೋದಳು. ಸಂಜೆ ಮನೆಗೆ ಬರುವಾಗ ಈ ವರ್ಷದ ಕೋಟಿನ ಬಟ್ಟೆ ಕೈಯಲ್ಲಿತ್ತು. ದಾರಿಯಲ್ಲೇ ಅಂಗಡಿ. ಪಂಚಾಯಿತಿಗೆ ಬಂದವರು ಕೂರುತ್ತಿದ್ದ ಹೊರಗಿನ ಬೆಂಚಿನಲ್ಲಿ ಯಾರೂ ಇರಲಿಲ್ಲ.

ಟೈಲರ್ ಬಟ್ಟೆಯನ್ನು ಮಡಿಚಿ ಮೇಜಿನ ಮೇಲೆ ಹಾಸಿ, ಅಂಗೈಯಿಂದ ಸುಕ್ಕು ತೆಗೆದ. ಟೇಪು ಹಿಡಿದು ಅವಳ ಭುಜ ಅಳೆದ, ಬೆನ್ನು ಅಳೆದ, ಬಲಗೈ ಮಣಿಕಟ್ಟು ಅಳೆದು ಬರೆದುಕೊಂಡ. ಅವಳು ಚೀಲ ಎತ್ತಿಕೊಂಡಳು.

"ಇನ್ನೊಂದು ಕೈ ಕೊಡು."

ಅವಳು ಕೊಟ್ಟಳು. ಅವನು ಗಂಟಾದ ಮೂಳೆಯ ಸುತ್ತ ಟೇಪು ತಂದು ಕೂಡಿಸಿದ, ಕನ್ನಡಕ ಸರಿಮಾಡಿಕೊಂಡು ನೋಡಿದ. ಟೇಪು ಬಿಚ್ಚಿ ಇನ್ನೊಮ್ಮೆ ಸುತ್ತಿದ. ಬಲಗೈ ಅಳತೆಯ ಪಕ್ಕದಲ್ಲಿ ಎಡಗೈಯದನ್ನು ಬರೆದ. ಆಮೇಲೆ ಮಡಿಚಿದ್ದ ಬಟ್ಟೆಯನ್ನು ಬಿಡಿಸಿ, ಒಂದೇ ಪದರವಾಗಿ ಮೇಜಿನ ತುಂಬ ಹಾಸಿ, ಸೀಮೆಸುಣ್ಣ ಹುಡುಕತೊಡಗಿದ.